ಅಡ್ಮಿರಲ್ ಬರ್ಡ್ ಪಾತಾಳ ಲೋಕ ಕಂಡದ್ದು ನಿಜವೇ? ಫಾರ್ವರ್ಡ್‌ನಲ್ಲಿ ಇಲ್ಲದ ಅಸಲಿ ಕಥೆ

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಅಮೆರಿಕದ ನೌಕಾಪಡೆಯ ಅಡ್ಮಿರಲ್ ಒಬ್ಬ ಧ್ರುವದ ಮೇಲೆ ವಿಮಾನ ಹಾರಿಸುತ್ತಿದ್ದನಂತೆ. ಇದ್ದಕ್ಕಿದ್ದಂತೆ ಹಿಮ ಮಾಯವಾಗಿ ಹಸಿರು ಕಣಿವೆ ಕಾಣಿಸಿತಂತೆ, ಅಲ್ಲೊಂದು ದೈತ್ಯ ಆನೆ ಮೇಯುತ್ತಿತ್ತಂತೆ. ಭೂಮಿಯೊಳಗಿನ ಜನ ಅವನನ್ನು ಕೆಳಗಿಳಿಸಿ, ಉಪದೇಶ ಮಾಡಿ ಕಳಿಸಿದರಂತೆ. ಅವನು ಬರೆದಿಟ್ಟ ರಹಸ್ಯ ಡೈರಿಯನ್ನು ಸರ್ಕಾರ ಮುಚ್ಚಿಟ್ಟಿತಂತೆ. ಕೆಳಗೆ ಉತ್ತರ ಧ್ರುವದಲ್ಲಿ ಕಪ್ಪು ತೂತು ಕಾಣುವ ಒಂದು ಉಪಗ್ರಹ ಚಿತ್ರ. ಎಲ್ಲರಿಗೂ ಹಂಚಿ ಅನ್ನುವ ಸಾಲು ಹೇಗೂ ಇದ್ದೇ ಇರುತ್ತದೆ.

ನಮಗೂ ಇದು ಬಂತು, ಒಂದಲ್ಲ ಹಲವು ಸಲ. ಪರಿಶೀಲಿಸಲು ಕುಳಿತಾಗ ನಮಗೆ ಅಚ್ಚರಿಯಾದದ್ದು ಬೇರೆಯೇ ವಿಷಯ. ಆ ಅಡ್ಮಿರಲ್ ನಿಜವಾಗಿ ಇದ್ದ. ಅವನು ಹಿಮದ ಅಡಿಯಲ್ಲಿ ಒಬ್ಬನೇ ತಿಂಗಳುಗಟ್ಟಲೆ ಇದ್ದದ್ದೂ ನಿಜ. ಅಲ್ಲಿ ಅವನನ್ನು ಸಾವಿನ ಅಂಚಿಗೆ ಒಯ್ದದ್ದು ಪಾತಾಳದವರಲ್ಲ, ನಮ್ಮ ನಿಮ್ಮ ಮನೆಯ ಬಚ್ಚಲಲ್ಲೂ ಹುಟ್ಟಬಹುದಾದ ಒಂದು ಅನಿಲ. ಫಾರ್ವರ್ಡ್ ಬರೆದವರು ಅದನ್ನೇ ಬಿಟ್ಟಿದ್ದಾರೆ.

ರಿಚರ್ಡ್ ಎವೆಲಿನ್ ಬರ್ಡ್ ಹುಟ್ಟಿದ್ದು 1888ರ ಅಕ್ಟೋಬರ್ 25ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ವಿಂಚೆಸ್ಟರ್ ಊರಿನಲ್ಲಿ. ಹೆಸರುವಾಸಿ ಮನೆತನ. ಅಣ್ಣ ಹ್ಯಾರಿ ಮುಂದೆ ಆ ರಾಜ್ಯದ ಗವರ್ನರ್ ಆಗಿ, ಸೆನೆಟರ್ ಕೂಡ ಆದ. ತಮ್ಮನಿಗೆ ಮಾತ್ರ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಹನ್ನೆರಡರ ವಯಸ್ಸಿನಲ್ಲೇ ಮನೆಯ ಪರಿಚಿತರೊಬ್ಬರನ್ನು ನೋಡಲು ಒಬ್ಬನೇ ಫಿಲಿಪೈನ್ಸ್‌ಗೆ ಹಡಗು ಹತ್ತಿದ್ದ. 1912ರಲ್ಲಿ ನೌಕಾ ಅಕಾಡೆಮಿಯಿಂದ ಪದವಿ ಪಡೆದ. ಆದರೆ ಜಿಮ್ನಾಸ್ಟಿಕ್ಸ್ ಮಾಡುವಾಗ ಮುರಿದಿದ್ದ ಕಾಲು ಸರಿಯಾಗಿ ಕೂಡಲೇ ಇಲ್ಲ. ಹಡಗಿನ ಡೆಕ್ ಮೇಲೆ ತಾಸುಗಟ್ಟಲೆ ನಿಲ್ಲಲಾಗದವನಿಗೆ ನೌಕಾಪಡೆಯಲ್ಲಿ ಏನು ಕೆಲಸ? 1916ರಲ್ಲಿ ಅವನನ್ನು ನಿವೃತ್ತಿಗೆ ಕಳಿಸಿದರು. ವಿಮಾನದಲ್ಲಾದರೆ ಕೂತೇ ಕೆಲಸ ಮಾಡಬಹುದು ಎಂದು ಅವನು ವಿಮಾನದ ಕಡೆ ತಿರುಗಿದ. ಮೊದಲ ಮಹಾಯುದ್ಧ ಬಂದಿತ್ತು, ಅವಕಾಶವೂ ಸಿಕ್ಕಿತು.

ಕಡಲಿನ ಮೇಲೆ ಹಾರುವಾಗ ಗುರುತಿಗೆ ಬೆಟ್ಟವಿಲ್ಲ, ಊರಿಲ್ಲ. ತಾನು ಎಲ್ಲಿದ್ದೇನೆ ಎಂದು ಸೂರ್ಯನನ್ನು ನೋಡಿ ಲೆಕ್ಕ ಹಾಕಬೇಕು. ಆ ಲೆಕ್ಕಕ್ಕೆ ಬೇಕಾದ ಉಪಕರಣಗಳನ್ನು ವಿಮಾನಕ್ಕೆ ಹೊಂದಿಸುವುದರಲ್ಲಿ ಬರ್ಡ್ ಪಳಗಿದ. ಅವನ ನಿಜವಾದ ಪರಿಣತಿ ಇದು. ಅವನ ಮೇಲಿನ ಅತಿ ದೊಡ್ಡ ಅನುಮಾನ ಹುಟ್ಟಿದ್ದೂ ಇದೇ ಲೆಕ್ಕದಲ್ಲಿ.

1926ರ ಮೇ 9ರಂದು ಬರ್ಡ್ ಮತ್ತು ಪೈಲಟ್ ಫ್ಲಾಯ್ಡ್ ಬೆನೆಟ್ ಸ್ಪಿಟ್ಸ್‌ಬರ್ಗನ್ ದ್ವೀಪದಿಂದ ಮೂರು ಎಂಜಿನ್‌ಗಳ ಫೋಕರ್ ವಿಮಾನದಲ್ಲಿ ಹೊರಟು, ಸುಮಾರು ಹದಿನೈದೂವರೆ ತಾಸಿನ ನಂತರ ಮರಳಿ, ಉತ್ತರ ಧ್ರುವ ಮುಟ್ಟಿ ಬಂದೆವೆಂದರು. ನ್ಯೂಯಾರ್ಕ್‌ನಲ್ಲಿ ಮೆರವಣಿಗೆ, ದೇಶದ ಅತ್ಯುನ್ನತ ಪದಕ ಎಲ್ಲ ಆಯಿತು. ಆದರೆ ಆ ವೇಗದ ವಿಮಾನ ಅಷ್ಟು ಸಮಯದಲ್ಲಿ ಅಲ್ಲಿಗೆ ಹೋಗಿ ಬರಲು ಸಾಧ್ಯವೇ ಎಂಬ ಗುಸುಗುಸು ಆಗಲೇ ಶುರುವಾಗಿತ್ತು. ಎಪ್ಪತ್ತು ವರ್ಷಗಳ ಮೇಲೆ, 1996ರಲ್ಲಿ, ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಅವನ ಕಾಗದಗಳ ನಡುವಿನಿಂದ ಆ ದಿನದ ಡೈರಿ ಬೆಳಕಿಗೆ ಬಂತು. ಅದರಲ್ಲಿ ಸೂರ್ಯನ ಎತ್ತರದ ಕೆಲವು ಅಳತೆಗಳನ್ನು ಬರೆದು ಅಳಿಸಿದ ಗುರುತುಗಳಿದ್ದವು. ಧ್ರುವಕ್ಕೆ ಸುಮಾರು 240 ಕಿಲೋಮೀಟರ್ ಮೊದಲೇ ಅವರು ತಿರುಗಿದ್ದರು ಎನ್ನುವ ವಾದಕ್ಕೆ ಇದು ಬಲ ಕೊಟ್ಟಿತು. ಒಪ್ಪದವರೂ ಇದ್ದಾರೆ. ಅದೇನೇ ಇರಲಿ, ಬರ್ಡ್‌ನ ಅಸಲಿ ಡೈರಿ ಇದು. ಇದನ್ನು ಯಾರೂ ಮುಚ್ಚಿಡಲಿಲ್ಲ. ಅಚ್ಚಾಗಿ ಪುಸ್ತಕವಾಗಿ ಬಂದಿದೆ. ಅದರಲ್ಲಿ ಪಾತಾಳವಿಲ್ಲ, ರಬ್ಬರ್‌ನಿಂದ ಉಜ್ಜಿದ ಅಂಕಿಗಳಿವೆ. ನಮ್ಮನ್ನು ಕೇಳಿದರೆ ಆನೆಗಿಂತ ಈ ಅಂಕಿಗಳೇ ಹೆಚ್ಚು ಕುತೂಹಲದವು.

ಈಗ ದಕ್ಷಿಣಕ್ಕೆ ಬರೋಣ. 1928ರಲ್ಲಿ ಬರ್ಡ್ ಹಡಗು, ವಿಮಾನ, ನಾಯಿಗಳ ಜೊತೆ ಅಂಟಾರ್ಕ್ಟಿಕಾಕ್ಕೆ ಹೊರಟ. ರಾಸ್ ಹಿಮಹಾಸಿನ ಅಂಚಿನ ತಿಮಿಂಗಿಲ ಕೊಲ್ಲಿಯಲ್ಲಿ ಲಿಟಲ್ ಅಮೆರಿಕಾ ಎಂಬ ಪುಟ್ಟ ಊರನ್ನೇ ಕಟ್ಟಿದ. ನೆಲದ ಮೇಲಲ್ಲ, ಕಡಲಿನ ಮೇಲೆ ತೇಲುವ ಹಿಮದ ದಪ್ಪ ಹಾಸಿನ ಮೇಲೆ. ಗುಡಿಸಲುಗಳು, ಅವುಗಳ ನಡುವೆ ಹಿಮದಲ್ಲಿ ಕೊರೆದ ಸುರಂಗಗಳು, ರೇಡಿಯೋ ಕಂಬಗಳು, ಹವಾಮಾನದ ಉಪಕರಣಗಳು. 1929ರ ನವೆಂಬರ್ 28ರಂದು ಅಲ್ಲಿಂದ ಹೊರಟ ವಿಮಾನವನ್ನು ನಡೆಸಿದವನು ನಾರ್ವೆ ಮೂಲದ ಬರ್ಂಟ್ ಬಾಲ್ಕೆನ್. ದಾರಿಯಲ್ಲಿ ಪರ್ವತ ದಾಟಲು ವಿಮಾನ ಮೇಲೇರಲಾರದೆ ಹೆಣಗಿದಾಗ ತುರ್ತಿಗೆ ಇಟ್ಟಿದ್ದ ಊಟದ ಮೂಟೆಗಳನ್ನೇ ಕೆಳಗೆ ಎಸೆದರು. ವಿಮಾನ ಕೆಟ್ಟು ಇಳಿದಿದ್ದರೆ ತಿನ್ನಲು ಏನೂ ಇರುತ್ತಿರಲಿಲ್ಲ. ಧ್ರುವದ ಮೇಲೆ ಸುತ್ತು ಹಾಕಿ ಮರಳಲು ಹಿಡಿದದ್ದು 19 ತಾಸಿಗೂ ಕಡಿಮೆ. ಅದೇ ಕೊಲ್ಲಿಯಿಂದ ನಾಯಿ ಗಾಡಿಯಲ್ಲಿ ಹೊರಟಿದ್ದ ಅಮುಂಡ್‌ಸೆನ್ ತಂಡಕ್ಕೆ ಹೋಗಿ ಬರಲು 99 ದಿನ ಬೇಕಾಗಿತ್ತು. ಈ ಹಾರಾಟದ ಬಗ್ಗೆ ಯಾರ ತಕರಾರೂ ಇಲ್ಲ. ನಲವತ್ತೊಂದರ ವಯಸ್ಸಿನಲ್ಲಿ ಬರ್ಡ್ ರಿಯರ್ ಅಡ್ಮಿರಲ್ ಆದ.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. 1933ರಲ್ಲಿ ಮತ್ತೆ ಹೊರಟ. ಈ ಸಲ ಅವನ ತಲೆಯಲ್ಲಿದ್ದದ್ದು ಧ್ರುವವಲ್ಲ, ಹವಾಮಾನ.

ಅಂಟಾರ್ಕ್ಟಿಕಾದ ಚಳಿಗಾಲ ಹೇಗಿರುತ್ತದೆ ಎಂದು ಅಲ್ಲಿಯವರೆಗೆ ಗೊತ್ತಿದ್ದದ್ದು ಕರಾವಳಿಯಲ್ಲಿ ಕೂತವರಿಗೆ ಮಾತ್ರ. ಒಳನಾಡಿನಲ್ಲಿ ಒಂದು ಚಳಿಗಾಲ ಪೂರ್ತಿ ಯಾರೂ ಕೂತು ಅಳೆದಿರಲಿಲ್ಲ. ಲಿಟಲ್ ಅಮೆರಿಕಾದಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ, 80 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ, ಒಂದು ಹವಾಮಾನ ಕೇಂದ್ರ ಇಡಬೇಕೆಂದು ಬರ್ಡ್ ಹಟ ಹಿಡಿದ. ಅದಕ್ಕೆ ತಾಯಿಯ ಹೆಸರಿನಿಂದ ಬೋಲಿಂಗ್ ಎಂದು ಹೆಸರಿಟ್ಟ. ಮೊದಲು ಮೂವರು ಇರುವುದೆಂದು ಯೋಜನೆ. ಆದರೆ ಟ್ರ್ಯಾಕ್ಟರ್‌ಗಳು ಕೈಕೊಟ್ಟವು, ಚಳಿಗಾಲ ಬಾಗಿಲಿಗೆ ಬಂದಿತ್ತು, ಮೂವರಿಗೆ ಸಾಕಾಗುವಷ್ಟು ಸಾಮಾನು ತಲುಪಲಿಲ್ಲ. ಇಬ್ಬರನ್ನು ಇಡಬಹುದಿತ್ತು. ಆದರೆ ಇಷ್ಟಗಲದ ಕೋಣೆಯಲ್ಲಿ ಇಬ್ಬರೇ ತಿಂಗಳುಗಟ್ಟಲೆ ಕತ್ತಲಲ್ಲಿ ಮುಖ ಮುಖ ನೋಡಿಕೊಂಡಿದ್ದರೆ ಒಬ್ಬರಿಗೊಬ್ಬರು ಶತ್ರುವಾಗುತ್ತಾರೆ ಎಂದು ಅವನ ಲೆಕ್ಕ. ಹಾಗಾದರೆ ಒಬ್ಬನೇ. ಬೇರೆಯವನಿಗೆ ಇದನ್ನು ಹೊರಿಸುವಂತಿಲ್ಲ, ಆದ್ದರಿಂದ ತಾನೇ. ಏಕಾಂತದ ಆಸೆಯೂ ಅವನಿಗೆ ಇತ್ತೆಂದು ಅವನೇ ಮುಂದೆ ಒಪ್ಪಿಕೊಂಡಿದ್ದಾನೆ. ತಂಡದ ನಾಯಕ ಹೀಗೆ ಎಲ್ಲರನ್ನೂ ಬಿಟ್ಟು ಹೋಗಬಹುದೇ ಎಂಬ ಪ್ರಶ್ನೆ ಅಂದೂ ಇತ್ತು, ಅದು ಸರಿಯಾದ ಪ್ರಶ್ನೆಯೇ ಎಂದು ನಮಗೂ ಅನ್ನಿಸುತ್ತದೆ.

ಕೋಣೆಯ ಅಳತೆ 9 ಅಡಿಗೆ 13 ಅಡಿ. ನಮ್ಮ ಬಾಡಿಗೆ ಮನೆಗಳ ಮಲಗುವ ಕೋಣೆಯಷ್ಟೇ. ಗಾಳಿಗೆ ಸಿಗದಿರಲೆಂದು ಹಿಮದಲ್ಲಿ ಗುಂಡಿ ತೋಡಿ ಅದರೊಳಗೆ ಕೂರಿಸಿದ್ದರು. ಮೇಲಕ್ಕೆ ಒಂದು ಏಣಿ, ಚಾವಣಿಯಲ್ಲಿ ಎತ್ತಿ ತೆರೆಯುವ ಬಾಗಿಲು. ಪಕ್ಕದಲ್ಲಿ ಹಿಮ ಕೊರೆದ ಎರಡು ಸುರಂಗ, ಒಂದರಲ್ಲಿ ಊಟದ ಸಾಮಾನು, ಇನ್ನೊಂದರಲ್ಲಿ ಎಣ್ಣೆಯ ಪೀಪಾಯಿಗಳು. 1934ರ ಮಾರ್ಚ್ 28ರಂದು ಕೊನೆಯ ಟ್ರ್ಯಾಕ್ಟರ್ ಹೊರಟುಹೋಯಿತು. ಅವನ ಕೆಲಸ ಗಾಳಿಯ ವೇಗ, ದಿಕ್ಕು, ಒತ್ತಡ, ಉಷ್ಣತೆ ದಾಖಲಿಸುವುದು, ಕಾಗದ ಸುತ್ತುವ ಯಂತ್ರಗಳನ್ನು ನಿಲ್ಲದಂತೆ ನೋಡಿಕೊಳ್ಳುವುದು, ಆಕಾಶದಲ್ಲಿ ಧ್ರುವಪ್ರಭೆ ಕಂಡರೆ ಬರೆದಿಡುವುದು. ವಾರದಲ್ಲಿ ಕೆಲವು ದಿನ ರೇಡಿಯೋ. ಲಿಟಲ್ ಅಮೆರಿಕಾದವರ ಮಾತು ಅವನಿಗೆ ಕೇಳುತ್ತಿತ್ತು, ಅವನು ಮಾತ್ರ ಮೋರ್ಸ್ ಕಟ್ಟುತ್ತಾ ಉತ್ತರಿಸಬೇಕು. ಅದರಲ್ಲಿ ಅವನು ಅಷ್ಟಕ್ಕಷ್ಟೇ. ಒಮ್ಮೆ ಹಿಮಗಾಳಿಯಲ್ಲಿ ಹೊರಗೆ ಹೋದಾಗ ಬಾಗಿಲು ಹಿಮ ಹಿಡಿದು ತೆರೆಯಲೇ ಇಲ್ಲ. ಕತ್ತಲಲ್ಲಿ ತಡಕಾಡಿ ಸಿಕ್ಕ ಸಲಿಕೆಯಿಂದ ಮೀಟಿ ಒಳಗೆ ಬಿದ್ದ. ಸಲಿಕೆ ಸಿಗದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಇನ್ನು ಒಲೆಯ ವಿಷಯ. ಕಲ್ಲಿದ್ದಲಿಗೆಂದು ಮಾಡಿದ್ದ ಒಲೆಯನ್ನು ಎಣ್ಣೆಗೆ ಮಾರ್ಪಡಿಸಿದ್ದರು. ಹೊಗೆ ಕೊಳವೆಯ ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂರುತ್ತಿರಲಿಲ್ಲ, ಸಂದುಗಳಿದ್ದವು. ಮೇಲೆ ಕೊಳವೆಯ ಬಾಯಿಗೆ ಹಿಮ ಗಟ್ಟುತ್ತಿತ್ತು, ಗಾಳಿಯಾಡುವ ಕಿಂಡಿಗೂ ಅದೇ ಗತಿ. ಸಾಲದ್ದಕ್ಕೆ ರೇಡಿಯೋಗೆ ವಿದ್ಯುತ್ ಕೊಡುವ ಪೆಟ್ರೋಲ್ ಜನರೇಟರ್ ಇದ್ದದ್ದು ಸುರಂಗದೊಳಗೆ.

ಯಾವ ಇಂಧನವೇ ಆಗಲಿ, ಸಾಕಷ್ಟು ಗಾಳಿ ಸಿಕ್ಕಿ ಪೂರ್ತಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಯಾರೋ ಬಂದು ಕೂತು ಏಳದೇ ಇದ್ದ ಹಾಗೆ. ಉಸಿರು ಆಡುತ್ತಲೇ ಇರುತ್ತದೆ, ಮೆದುಳಿಗೂ ಹೃದಯಕ್ಕೂ ಮಾತ್ರ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಕಣ್ಣು ಮಂಜು, ಕೈಕಾಲು ಸೋಲು. ಬುದ್ಧಿಯೇ ಮಂಕಾಗುವುದರಿಂದ ಅಪಾಯದಲ್ಲಿದ್ದೇನೆ ಎಂಬ ಅರಿವೂ ಬರುವುದಿಲ್ಲ. ಬರ್ಡ್‌ಗೆ ತಲೆನೋವು ಮೊದಲೇ ಬರುತ್ತಿತ್ತು, ಕಣ್ಣೂ ನೋಯುತ್ತಿತ್ತು. ಅನುಮಾನ ಬಂದರೂ ಅದನ್ನು ಅವನು ದೊಡ್ಡದು ಮಾಡಲಿಲ್ಲ.

ಮೇ 31ರಂದು ರೇಡಿಯೋ ಮಾತುಕತೆಯ ನಡುವೆ ಜನರೇಟರ್ ಶಬ್ದ ಬದಲಾಯಿತು. ನೋಡಲು ಸುರಂಗಕ್ಕೆ ಹೋದವನು ಹೊಗೆಯಲ್ಲಿ ಕುಸಿದ. ಹೇಗೋ ತೆವಳಿ ಹಾಸಿಗೆ ಸೇರಿದ. ಅಂದಿನಿಂದ ಎರಡು ತಿಂಗಳಿಗೂ ಹೆಚ್ಚು ಕಾಲ ಅವನ ಬದುಕು ಒಂದೇ ಲೆಕ್ಕಾಚಾರ. ಒಲೆ ಹಚ್ಚಿದರೆ ವಿಷ, ಆರಿಸಿದರೆ ಚಳಿ. ಹೊರಗೆ ಮೈನಸ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇಳಿಯುತ್ತಿತ್ತು. ದಿನದಲ್ಲಿ ಹಲವು ತಾಸು ಒಲೆ ಆರಿಸಿ ನಿದ್ದೆ ಚೀಲದೊಳಗೆ ಮುದುಡಿಕೊಂಡಿರುತ್ತಿದ್ದ. ಒಳಗೋಡೆಗಳ ಮೇಲೆ ಹಿಮ ಗಟ್ಟಿಯಾಗಿ ಏರುತ್ತಿತ್ತು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಇಷ್ಟರಲ್ಲೂ ಹವಾಮಾನದ ದಾಖಲೆ ಬರೆಯುತ್ತಲೇ ಹೋದ.

ರೇಡಿಯೋದಲ್ಲಿ ತನಗೆ ಹುಷಾರಿಲ್ಲ ಎಂದು ಅವನು ಹೇಳಲಿಲ್ಲ. ಹೇಳಿದರೆ ಹುಡುಗರು ಆ ಕತ್ತಲಲ್ಲಿ, ಬಿರುಕುಗಳ ನಡುವೆ ಹೊರಟುಬಿಡುತ್ತಾರೆ, ತನಗಾಗಿ ಸಾಯುತ್ತಾರೆ ಎಂಬ ಭಯ. ಆದರೆ ಅವನು ಕಳಿಸುತ್ತಿದ್ದ ಮೋರ್ಸ್ ದಿನೇ ದಿನೇ ತೊದಲುತ್ತಿತ್ತು. ಪದಗಳು ಮುರಿಯುತ್ತಿದ್ದವು, ನಡುವೆ ದೀರ್ಘ ಮೌನ. ಅತ್ತ ಕೂತವರಿಗೆ ಏನೋ ಕೆಟ್ಟಿದೆ ಎಂದು ಗೊತ್ತಾಯಿತು. ಉಲ್ಕೆಗಳನ್ನು ನೋಡುವ ನೆಪದಲ್ಲಿ ಥಾಮಸ್ ಪೌಲ್ಟರ್ ಎಂಬ ವಿಜ್ಞಾನಿ ಟ್ರ್ಯಾಕ್ಟರ್ ಹೊರಡಿಸಿದ. ಮೊದಲ ಯತ್ನ ಅರ್ಧದಲ್ಲೇ ಮರಳಿತು, ದಾರಿಗೆ ನೆಟ್ಟ ಬಾವುಟಗಳೆಲ್ಲ ಹಿಮದಡಿ ಹೂತಿದ್ದವು. ಎರಡನೆಯದೂ ಕೈಗೂಡಲಿಲ್ಲ. ಮೂರನೆಯ ಸಲ ಪೌಲ್ಟರ್, ಡೆಮಾಸ್, ವೇಟ್ ಮೂವರೂ ಹಟಕ್ಕೆ ಬಿದ್ದು ಹೋದರು. ಬರ್ಡ್ ಮೇಲೆ ಹತ್ತಿ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿ ದಾರಿ ತೋರಿಸುತ್ತಿದ್ದ, ಗಾಳಿಪಟಕ್ಕೆ ಉರಿಯುವ ಬಾಲ ಕಟ್ಟಿಯೂ ಹಾರಿಸಿದ್ದ. ಆಗಸ್ಟ್ 10ರ ರಾತ್ರಿ ಟ್ರ್ಯಾಕ್ಟರ್ ಬಂದು ನಿಂತಿತು. ಕೆಳಗೆ ಬಿಸಿ ಸೂಪ್ ಇದೆ ಬನ್ನಿ ಎಂದು ಕರೆದು, ಏಣಿ ಇಳಿದು, ಅಲ್ಲೇ ಬಿದ್ದ.

ಅವನನ್ನು ಸಾಗಿಸುವ ಸ್ಥಿತಿ ಇರಲಿಲ್ಲ. ಅಕ್ಟೋಬರ್‌ನಲ್ಲಿ ವಿಮಾನ ಬರುವವರೆಗೆ ನಾಲ್ವರೂ ಆ ಪೆಟ್ಟಿಗೆಯಂಥ ಕೋಣೆಯಲ್ಲೇ ಇದ್ದರು. 1938ರಲ್ಲಿ ಬರ್ಡ್ ಈ ತಿಂಗಳುಗಳ ಬಗ್ಗೆ ಬರೆದ ಅಲೋನ್ ಎಂಬ ಪುಸ್ತಕ ಇಂದಿಗೂ ಓದಿಗೆ ಸಿಗುತ್ತದೆ. ತನ್ನ ದೌರ್ಬಲ್ಯ, ತನ್ನ ತಪ್ಪು ಎರಡನ್ನೂ ಅದರಲ್ಲಿ ಬಿಡಿಸಿಟ್ಟಿದ್ದಾನೆ.

ನಾವು ಇಲ್ಲಿ ಸ್ವಲ್ಪ ನಿಲ್ಲುತ್ತೇವೆ, ಯಾಕೆಂದರೆ ಈ ಒಲೆ ಅಂಟಾರ್ಕ್ಟಿಕಾದಲ್ಲೇ ಉಳಿದಿಲ್ಲ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್, ಬಾಣಂತಿ ಕೋಣೆಯಲ್ಲಿ ರಾತ್ರಿಯಿಡೀ ಕೆಂಡ, ಮಲೆನಾಡಿನ ಚಳಿಗೆ ಬಾಗಿಲು ಹಾಕಿ ಉರಿಸುವ ಅಗ್ಗಿಷ್ಟಿಕೆ, ಕರೆಂಟು ಹೋದಾಗ ಅಂಗಡಿಯ ಒಳಗೇ ಇಟ್ಟ ಜನರೇಟರ್. ಎಲ್ಲದರ ರಸಾಯನಶಾಸ್ತ್ರ ಒಂದೇ. ಅಡುಗೆ ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ, ಅದನ್ನು ಬೇಕೆಂದೇ ಸೇರಿಸಿರುತ್ತಾರೆ. ಆದ್ದರಿಂದ ವಾಸನೆ ಬರಲಿಲ್ಲ, ಏನೂ ಆಗಿಲ್ಲ ಎಂದು ಜನ ನಂಬುತ್ತಾರೆ. ಕಾರ್ಬನ್ ಮಾನಾಕ್ಸೈಡ್ ವಿಷಯದಲ್ಲಿ ಆ ನಂಬಿಕೆ ಪ್ರಾಣ ತೆಗೆಯುತ್ತದೆ. ಗೀಸರ್ ಬಚ್ಚಲಿನ ಹೊರಗಿರಲಿ, ಗಾಳಿಗೆ ದಾರಿ ಇರಲಿ, ಕೆಂಡ ಹೊರಗಿಟ್ಟು ಮಲಗಿ. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು ಬಂದರೆ ಕಾರಣ ಹುಡುಕುತ್ತಾ ಒಳಗೆ ಕೂರಬೇಡಿ. ಮೊದಲು ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆಗೆ ಹೋಗಿ.

ಈಗ ಆ ರಹಸ್ಯ ಡೈರಿ. ಬರ್ಡ್ ಸತ್ತು ದಶಕಗಳಾದ ಮೇಲೆ ಹರಡಿದ ಈ ಬರಹದ ಪ್ರಕಾರ ಅವನು ಪಾತಾಳಕ್ಕೆ ಹೋದದ್ದು 1947ರ ಫೆಬ್ರವರಿ 19ರಂದು, ಉತ್ತರ ಧ್ರುವದ ಕಡೆ. ಆ ಫೆಬ್ರವರಿಯಲ್ಲಿ ಬರ್ಡ್ ಇದ್ದದ್ದು ಭೂಮಿಯ ಇನ್ನೊಂದು ತುದಿಯಲ್ಲಿ! ಅಮೆರಿಕದ ನೌಕಾಪಡೆ ಆಪರೇಷನ್ ಹೈಜಂಪ್ ಎಂಬ ಹೆಸರಿನಲ್ಲಿ 13 ಹಡಗು, ಸುಮಾರು 4,700 ಜನರನ್ನು ಅಂಟಾರ್ಕ್ಟಿಕಾಕ್ಕೆ ಕಳಿಸಿತ್ತು. ಫೆಬ್ರವರಿ 16ರಂದು ಅವನು ದಕ್ಷಿಣ ಧ್ರುವದ ಮೇಲೆ ಎರಡನೇ ಬಾರಿ ಹಾರಿದ್ದ. ಇನ್ನೊಂದು ಸರಳ ಪರೀಕ್ಷೆ ಇದೆ, ಇದಕ್ಕೆ ಯಾವ ಕಡತವೂ ಬೇಡ. ಉತ್ತರ ಧ್ರುವದಲ್ಲಿ ಸೂರ್ಯ ಮೂಡುವುದು ಮಾರ್ಚ್ 20ರ ಸುಮಾರಿಗೆ. ಫೆಬ್ರವರಿಯಲ್ಲಿ ಅಲ್ಲಿ ಕತ್ತಲು. ಆ ಕತ್ತಲಲ್ಲಿ ಮೇಲಿನಿಂದ ಹಸಿರು ಕಣಿವೆ, ಅದರಲ್ಲಿ ಆನೆ ಕಾಣುವುದು ಹೇಗೆ?

ಕಪ್ಪು ತೂತಿನ ಚಿತ್ರಕ್ಕೂ ಇದೇ ಉತ್ತರ. ಅದು 1968ರ ನವೆಂಬರ್‌ನಲ್ಲಿ ಹವಾಮಾನ ಉಪಗ್ರಹವೊಂದು ಹಗಲಿನ ಬೆಳಕಿನಲ್ಲಿ ತೆಗೆದ ಅನೇಕ ತುಂಡು ಚಿತ್ರಗಳನ್ನು ಜೋಡಿಸಿದ್ದು. ನವೆಂಬರ್‌ನಲ್ಲಿ ಧ್ರುವದ ಸುತ್ತ ಬೆಳಕೇ ಇಲ್ಲ, ಹಾಗಾಗಿ ಅಷ್ಟು ಭಾಗ ಕಪ್ಪು.

ಹೈಜಂಪ್ ಪಡೆ ಯಾವುದೋ ಹಾರುವ ತಟ್ಟೆಗಳಿಗೆ ಸೋತು ಓಡಿಬಂತು ಎಂಬ ಉಪಕಥೆಯೂ ಇದೆ. ಓಡಿಸಿದ್ದು ಚಳಿಗಾಲ. ಹಡಗುಗಳು ಹಿಮಗಡ್ಡೆಯ ನಡುವೆ ಸಿಕ್ಕಿಕೊಳ್ಳುವ ಮೊದಲು ಹೊರಡಬೇಕಿತ್ತು. 1946ರ ಡಿಸೆಂಬರ್ 30ರಂದು ಒಂದು ವಿಮಾನ ಬಿಳಿ ಮಬ್ಬಿನಲ್ಲಿ ಹಿಮಕ್ಕೆ ಬಡಿದು ಮೂವರು ತೀರಿಕೊಂಡರು, ಬದುಕಿದ ಆರು ಜನ 13 ದಿನಗಳ ಮೇಲೆ ಸಿಕ್ಕರು. ಈ ಸಾವುಗಳನ್ನು ಹಾರುವ ತಟ್ಟೆಯ ಲೆಕ್ಕಕ್ಕೆ ಬರೆಯುವುದು ನಮಗೆ ತಮಾಷೆಯಾಗಿ ಕಾಣುವುದಿಲ್ಲ. ಧ್ರುವದಾಚೆ ಅಮೆರಿಕದಷ್ಟು ದೊಡ್ಡ ಯಾರೂ ಕಾಣದ ನೆಲ ಇದೆ ಎಂದು ಬರ್ಡ್ ಟಿವಿಯಲ್ಲಿ ಹೇಳಿದ್ದು ಮಾತ್ರ ನಿಜ. ದಕ್ಷಿಣ ಧ್ರುವದ ಆಚೆ ಬದಿಯ ಅಂಟಾರ್ಕ್ಟಿಕಾ ಎಂದು ಅದರ ಅರ್ಥ. ಆಗ ಅದನ್ನು ಯಾರೂ ನೋಡಿರಲಿಲ್ಲ, ಈಗ ಅದರ ನಕ್ಷೆ ನಿಮ್ಮ ಫೋನಿನಲ್ಲೇ ಇದೆ.

ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ ಎಂಬುದೂ ಸುಳ್ಳು. 1959ರಲ್ಲಿ 12 ದೇಶಗಳು ಸಹಿ ಹಾಕಿದ ಅಂಟಾರ್ಕ್ಟಿಕ್ ಒಪ್ಪಂದ ಸೈನಿಕ ಚಟುವಟಿಕೆಯನ್ನು ತಡೆದು, ವಿಜ್ಞಾನಕ್ಕೆ ಬಾಗಿಲು ತೆರೆದಿಟ್ಟಿತು. ಭಾರತ 1983ರಲ್ಲಿ ಸೇರಿತು. ನಮ್ಮ ಮೈತ್ರಿ 1989ರಿಂದ, ಭಾರತಿ 2012ರಿಂದ ಕೆಲಸ ಮಾಡುತ್ತಿವೆ. ಪ್ರವಾಸಿಗರೇ ವರ್ಷಕ್ಕೆ ಹತ್ತಾರು ಸಾವಿರ ಮಂದಿ ಹೋಗಿಬರುತ್ತಾರೆ.

ಬರ್ಡ್ ಕೊನೆಯ ಸಲ ಅಲ್ಲಿಗೆ ಹೋದದ್ದು 1955-56ರಲ್ಲಿ. ಅಂತರರಾಷ್ಟ್ರೀಯ ಭೂಭೌತ ವರ್ಷಕ್ಕಾಗಿ ಸಾಲು ಸಾಲು ಸಂಶೋಧನಾ ಕೇಂದ್ರಗಳನ್ನು ಕಟ್ಟುವ ತಯಾರಿ ನಡೆದಿತ್ತು. 1956ರ ಜನವರಿ 8ರಂದು ಮೂರನೇ ಬಾರಿ ಧ್ರುವದ ಮೇಲೆ ಹಾರಿದ. 1957ರ ಮಾರ್ಚ್ 11ರಂದು ಬಾಸ್ಟನ್‌ನ ತನ್ನ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡ. ಆ ಹೊತ್ತಿಗೆ ದಕ್ಷಿಣ ಧ್ರುವದ ಮೇಲೆಯೇ ಕಟ್ಟಿದ ಕೇಂದ್ರದಲ್ಲಿ 18 ಜನ ಮೊದಲ ಚಳಿಗಾಲಕ್ಕೆ ಅಣಿಯಾಗುತ್ತಿದ್ದರು. ಅವರ ವಿಜ್ಞಾನಿ ನಾಯಕ ಪಾಲ್ ಸೈಪಲ್. 1928ರಲ್ಲಿ ಬರ್ಡ್ ಜೊತೆ ಹಡಗು ಹತ್ತಿದ್ದ ಸ್ಕೌಟ್ ಹುಡುಗ ಅವನು. ಗಾಳಿ ಬೀಸಿದರೆ ಚಳಿ ಎಷ್ಟು ಹೆಚ್ಚಾಗುತ್ತದೆ ಎಂದು ಲೆಕ್ಕ ಹಾಕುವ ಕ್ರಮಕ್ಕೆ ತಳಪಾಯ ಹಾಕಿದವನೂ ಅವನೇ. ಬರ್ಡ್‌ನನ್ನು ಉಳಿಸಿದ ಮೂವರಲ್ಲಿ ಒಬ್ಬನಾದ ವೇಟ್, ರೇಡಿಯೋ ಅಲೆಗಳಿಂದ ಹಿಮದ ದಪ್ಪ ಅಳೆಯುವ ದಾರಿ ತೋರಿಸಿದ. ಪಶ್ಚಿಮ ಅಂಟಾರ್ಕ್ಟಿಕಾದಲ್ಲಿ ಬರ್ಡ್ ಹೆಸರಿನ ಕೇಂದ್ರದಲ್ಲಿ 1968ರಲ್ಲಿ ಹಿಮದಲ್ಲಿ 2,164 ಮೀಟರ್ ಕೊರೆದು ತಳ ಮುಟ್ಟಿದರು. ಅಂಟಾರ್ಕ್ಟಿಕಾದ ಹಿಮದ ಹಾಳೆಯ ತಳ ಮುಟ್ಟಿದ್ದು ಅದೇ ಮೊದಲು. ಕೆಳಗೆ ಸಿಕ್ಕಿದ್ದು ನೀರು.

ಲಿಟಲ್ ಅಮೆರಿಕಾ ಈಗ ಅಲ್ಲಿಲ್ಲ. ಹಿಮಹಾಸು ನಿಂತಲ್ಲಿ ನಿಲ್ಲುವುದಿಲ್ಲ, ನಿಧಾನವಾಗಿ ಕಡಲ ಕಡೆ ಜರುಗಿ ಅಂಚಿನಲ್ಲಿ ಮುರಿದು ಬೀಳುತ್ತದೆ. ಬರ್ಡ್ 1940ರ ಸುಮಾರಿಗೆ ಅಲ್ಲಿ ಕಟ್ಟಿಸಿದ್ದ ಮೂರನೇ ಲಿಟಲ್ ಅಮೆರಿಕಾ 1963ರಲ್ಲಿ ಒಂದು ಹಡಗಿನವರ ಕಣ್ಣಿಗೆ ಬಿತ್ತು. ಕಡಲಲ್ಲಿ ತೇಲಿ ಹೋಗುತ್ತಿದ್ದ ಹಿಮಗುಡ್ಡವೊಂದರ ಮುರಿದ ಪಕ್ಕೆಯಲ್ಲಿ, ಹಿಮದ ಪದರಗಳ ನಡುವೆ, ಅದರ ಮನೆಗಳು ಕಾಣುತ್ತಿದ್ದವು.